ನಮ್ಮ ಭಾವನ ಮೈಯಲ್ಲಿ ಇಡೀ ಕಟ್ಟಡ

ನಮ್ಮ ಭಾವ ಬಸುರಿ ಎಂಬ ಸುದ್ದಿ ನನಗೆ ಮೊದಲು ತಿಳಿದದ್ದು ಅಕ್ಕನ ಬಾಯಿಂದ. ಆ ಹೊತ್ತಿಗೆ ನಾನು ನನ್ನ ಕನ್ನಡಕದ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸಿ, ಅದು ಅವರ ಮುಖಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಸುಳ್ಳು ಹೇಳುತ್ತಿದ್ದೆ. ಫೋನು ಹೊಡೆದುಕೊಂಡಿತು.

"ನಿನ್ನ ಭಾವ ಡಿಪೋದಿಂದ ವಾಪಸ್ ಬಂದುಬಿಟ್ಟಿದ್ದಾರೆ ಕಣೋ. ಹೊಸ ಬಸ್ಸು ಕೊಡಲ್ಲ ಅಂದ್ರಂತೆ."

"ಯಾಕಂತೆ?"

"ಬಸುರಿ ಅಂತೆ."

"ಯಾರು?"

"ಇವರೇ!"

ಅಕ್ಕನ ದನಿಯಲ್ಲಿ ಇದ್ದದ್ದು ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. "ಅಷ್ಟೇ ಆಗಿದ್ರೆ ಹೆಂಗೋ ಸಹಿಸ್ಕೋತಿದ್ದೆ. ಕಚ್ಚೋ ಸ್ವಭಾವ ಬೇರೆ ಇದೆಯಂತೆ. ನೀನು ಬೇಗ ಬಾ."

ನಾನು ಗಿರಾಕಿಯ ಮೂಗನ್ನು ಅಲ್ಲಿಗೇ ಬಿಟ್ಟು ಮನೆಗೆ ಓಡಿದೆ.

ಇಲ್ಲಿ ನಮ್ಮ ಭಾವನ ವಿಷಯ ಸ್ವಲ್ಪ ಹೇಳಬೇಕು. ನಾನಿರುವ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಅವರ ಮನೆ. ಅವರು ಸಿಟಿ ಬಸ್ಸಿನ ಡ್ರೈವರ್. ಇಷ್ಟು ವರ್ಷದಲ್ಲಿ ಒಂದು ಸೈಕಲ್ಲಿಗೂ ತಗುಲಿಸಿದವರಲ್ಲ. ಡಿಪೋಗೆ ಹೊಸದಾಗಿ ಎಲೆಕ್ಟ್ರಿಕ್ ಬಸ್ಸುಗಳು ಬರುತ್ತವೆ, ಮೊದಲನೆಯದು ಅವರ ಕೈಗೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅಂದಿನಿಂದ ಭಾವ ಊಟಕ್ಕೆ ಕೂತಾಗಲೂ ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ವೈದ್ಯಕೀಯ ತಪಾಸಣೆಯೊಂದು ಪಾಸಾದರೆ ಬಸ್ಸು. ಫೇಲಾದರೆ ಡಿಪೋದ ಹಿಂಭಾಗದಲ್ಲಿ ಪ್ರಯಾಣಿಕರು ಮರೆತು ಹೋದ ಛತ್ರಿಗಳನ್ನು ಕಾಯುವ ಕೌಂಟರು. ಛತ್ರಿ ಕಾಯಲು ಹೋದ ಡ್ರೈವರ್ ಯಾರೂ ಮತ್ತೆ ಸ್ಟೀರಿಂಗ್ ಹಿಡಿದ ಚರಿತ್ರೆ ಆ ಡಿಪೋದಲ್ಲಿಲ್ಲ.

ಎಲ್ಲ ಸರಿ. ಆದರೆ ಭಾವನಿಗೆ ಒಂದು ಶೋಕಿ ಇತ್ತು. ಶೋಕಿ ಎಂದರೆ ಬಟ್ಟೆಬರೆಯದಲ್ಲ, ತಮ್ಮ ಫೋನ್ ನಂಬರಿನದು.

ನಮ್ಮ ಬೀದಿಯ ತುದಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದಿದೆ. ಅದರ ಯಜಮಾನರು ಒಮ್ಮೆ ಭಾವನ ಬಸ್ಸಿನಲ್ಲಿ ಕೈಚೀಲ ಮರೆತು ಇಳಿದಿದ್ದರು. ಭಾವ ಅದನ್ನು ಮನೆಗೇ ಒಯ್ದು ಕೊಟ್ಟರು. ಅವರು ಸಂತೋಷಪಟ್ಟು, "ನಿಮ್ಮ ಕಡೆಯವರು ಯಾರೇ ಬಂದ್ರೂ ನಿಮ್ಮ ನಂಬರ್ ಹೇಳಲಿ ಸಾಕು, ಕಾಯಿಸೋದಿಲ್ಲ" ಎಂದರು. ಆ ಮಾತು ಭಾವನ ತಲೆಗೆ ಏರಿತು. ಕಟ್ಟಡದಲ್ಲಿ ಯಾರಾದರೂ ಒಂದು ಸಲ ಕೆಮ್ಮಿದರೆ ಸಾಕು, ಮೆಟ್ಟಿಲ ಮೇಲಿಂದ ಕೂಗುತ್ತಿದ್ದರು: "ಲ್ಯಾಬಿಗೆ ಹೋಗಿ! ನನ್ನ ನಂಬರ್ ಹೇಳಿ!" ಜನರೂ ಹೇಳಿದರು. ಲ್ಯಾಬಿನಲ್ಲಿ ಹೇಳಿ ರೂಢಿಯಾದ ಮೇಲೆ ಹಲ್ಲಿನ ಡಾಕ್ಟರ ಹತ್ತಿರವೂ ಅದೇ ಹೇಳಿದರು, ಔಷಧಿ ಅಂಗಡಿಯಲ್ಲೂ ಅದೇ. ಸ್ವಂತ ನಂಬರ್ ಕೊಟ್ಟರೆ ಕಾಯಿಸುತ್ತಾರೋ ಏನೋ ಎಂಬ ಭಯ ಎಲ್ಲರಿಗೂ ಹತ್ತಿಬಿಟ್ಟಿತ್ತು.

ಹೀಗಾಗಿ ಇಡೀ ಕಟ್ಟಡದ ರಿಪೋರ್ಟುಗಳೆಲ್ಲ ಭಾವನ ಫೋನಿಗೆ ಬಂದು ಬೀಳುತ್ತಿದ್ದವು. ಭಾವ ಡ್ಯೂಟಿ ಮುಗಿಸಿ ಬಂದವರೇ ಸಮವಸ್ತ್ರದಲ್ಲೇ ಮನೆ ಮನೆಯ ಬಾಗಿಲಿಗೆ ಹೋಗಿ, "ನಿಮ್ಮ ರಕ್ತ ಬಂತು, ಪರವಾಗಿಲ್ಲ", "ನಿಮ್ಮ ಮೂತ್ರ ನಾಳೆ ಬರುತ್ತೆ, ಧೈರ್ಯವಾಗಿರಿ" ಎಂದು ಹೇಳಿ ಬರುತ್ತಿದ್ದರು. ರಿಪೋರ್ಟಿನಲ್ಲಿ ಹೆಸರು ಇರುತ್ತಿರಲಿಲ್ಲ, ಬರೀ ನಂಬರು. ಯಾವುದು ಯಾರದ್ದು ಎಂಬುದನ್ನು ಭಾವ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಜನ ನಂಬುತ್ತಿದ್ದರು. ಸಮವಸ್ತ್ರದ ಮಹಿಮೆ ಅಂಥದ್ದು.

ಈ ನಡುವೆ ನಗರದ ಆರೋಗ್ಯ ಇಲಾಖೆಯವರು 'ಒಬ್ಬರಿಗೆ ಒಂದೇ ದಾಖಲೆ' ಎಂಬ ಯೋಜನೆ ತಂದರು. ಆಸ್ಪತ್ರೆ, ಲ್ಯಾಬು, ಔಷಧಿ ಅಂಗಡಿ, ಹಲ್ಲು, ಕಣ್ಣು, ಎಲ್ಲ ಕಡೆಯ ಮಾಹಿತಿಯನ್ನೂ ಒಂದೇ ನಮೂನೆಗೆ ತಂದು, ಒಬ್ಬ ಮನುಷ್ಯನದ್ದೆಲ್ಲ ಒಂದೇ ಕಡೆ ಸಿಗುವಂತೆ ಜೋಡಿಸುವುದು. ಬಸ್ ನಿಲ್ದಾಣದಲ್ಲಿ ನಗುವ ನರ್ಸೊಬ್ಬರ ಚಿತ್ರದ ಕೆಳಗೆ ಬರೆದಿತ್ತು: "ನೀವು ಎಲ್ಲೇ ಹೋಗಿ, ನಿಮ್ಮ ಆರೋಗ್ಯ ನಿಮ್ಮ ಜೊತೆಗೇ ಬರುತ್ತದೆ." ಒಳ್ಳೆಯ ಯೋಜನೆ. ಯಾವ ಮಾಹಿತಿ ಯಾರದ್ದು ಎಂದು ಅವರು ಗುರುತಿಸುತ್ತಿದ್ದದ್ದು ಫೋನ್ ನಂಬರಿನಿಂದ ಎಂಬುದೊಂದನ್ನು ಆ ನರ್ಸು ನಮಗೆ ಹೇಳಿರಲಿಲ್ಲ.

ಡಿಪೋ ಡಾಕ್ಟರ ಕೊಠಡಿಯಲ್ಲಿ ನಡೆದದ್ದನ್ನು ಭಾವನೇ ನನಗೆ ಹೇಳಿದರು. ಡಾಕ್ಟರು ಕಂಪ್ಯೂಟರಿನಲ್ಲಿ ಭಾವನ ದಾಖಲೆ ತೆರೆದು, ಸ್ವಲ್ಪ ಹೊತ್ತು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರಂತೆ.

"ಕೂತ್ಕೊಳ್ಳಿ. ಈ ಸ್ಥಿತೀಲಿ ನಿಂತ್ಕೋಬಾರ್ದು."

"ಯಾವ ಸ್ಥಿತಿ ಡಾಕ್ಟ್ರೆ?"

"ಐದನೇ ತಿಂಗಳು ನಡೀತಾ ಇದೆ. ಮಗುವಿನ ಬೆಳವಣಿಗೆ ಚೆನ್ನಾಗಿದೆ ಅಂತ ಸ್ಕ್ಯಾನ್ ಹೇಳುತ್ತೆ." ಡಾಕ್ಟರು ಭಾವನ ಮೀಸೆಯನ್ನೇ ನೋಡುತ್ತ ಮುಂದುವರಿಸಿದರು. "ಮೇಲಿನ ಹಲ್ಲು ಪೂರ್ತಿ ಕಟ್ಟಿಸಿದ್ದು. ಮೂಲವ್ಯಾಧಿ. ಸಕ್ಕರೆ ಜಾಸ್ತಿ ಇದೆ. ಆಗಾಗ ಮೂರ್ಛೆ. ಬಾಲದ ಗಾಯ ವಾಸಿಯಾಗಿದೆ."

"ಯಾವುದರ ಗಾಯ?"

"ಬಾಲದ್ದು. ಅಪರಿಚಿತರನ್ನ ಕಂಡರೆ ಕಚ್ಚುವ ಸ್ವಭಾವ, ಎಚ್ಚರಿಕೆ ಅಂತಾನೂ ಇದೆ." ಇಷ್ಟು ಹೇಳಿ ಡಾಕ್ಟರು ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿಕೊಂಡರಂತೆ.

ಭಾವ ಬಾಯಿ ತೆರೆದು ತಮ್ಮ ಸ್ವಂತ ಹಲ್ಲು ತೋರಿಸಿದರು. ಡಾಕ್ಟರು ಅದನ್ನು ಕಚ್ಚಲು ಬಂದದ್ದು ಎಂದು ತಿಳಿದು ಬಾಗಿಲು ತೆರೆದರು. "ನೋಡಿ, ನಾನು ಕಣ್ಣಲ್ಲಿ ಕಂಡದ್ದನ್ನ ಬರೆಯೋ ಹಾಗಿಲ್ಲ. ದಾಖಲೆಯಲ್ಲಿ ಇರೋದನ್ನ ನೋಡಿ ಸಹಿ ಹಾಕ್ಬೇಕು. ಮೂರ್ಛೆ ಬರೋರಿಗೆ ಬಸ್ಸು ಕೊಡಕ್ಕಾಗಲ್ಲ. ದಾಖಲೆ ಜೋಡಣೆ ಕಚೇರಿಗೆ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ರಜೆ. ಹೆರಿಗೆ ರಜೆ ಬೇಕಾದ್ರೆ ಮ್ಯಾನೇಜರನ್ನ ಕೇಳಿ."

ನಾನು ಮನೆ ತಲುಪುವಷ್ಟರಲ್ಲಿ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿ ಮುಗಿಸಿತ್ತು. ಭಾವ ಸೋಫಾದಲ್ಲಿ ಕೂತಿದ್ದರು. ಕೆಳಗಿನ ಮನೆಯ ನಿವೃತ್ತ ಇನ್ಸ್‌ಪೆಕ್ಟರು ಬಾಗಿಲ ಹೊರಗೇ ನಿಂತು, ತಮ್ಮ ನಾಯಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ವಿಚಾರಣೆ ನಡೆಸುತ್ತಿದ್ದರು.

"ಕಚ್ಚೋದು ಎಷ್ಟು ದಿನದಿಂದ?"

"ನಾನು ಯಾರನ್ನೂ ಕಚ್ಚಿಲ್ಲ ಸಾರ್!"

"ಎಲ್ಲರೂ ಮೊದಲು ಹಂಗೇ ಹೇಳೋದು. ಏನೇ ಆಗ್ಲಿ, ನಮ್ಮ ನಾಯಿ ಹತ್ರ ಬರ್ಬೇಡಿ. ಪಾಪದ್ದು, ಅದು ಯಾರಿಗೂ ಏನೂ ಮಾಡಲ್ಲ."

ನಾಯಿ ನನ್ನ ಪ್ಯಾಂಟಿನ ತುದಿಯನ್ನು ಬಾಯಲ್ಲಿ ಹಿಡಿದು ಎಳೆಯುತ್ತಿತ್ತು. ಎಂದಿನಂತೆ ಅಂದೂ ಇನ್ಸ್‌ಪೆಕ್ಟರು ಅದನ್ನು ನೋಡಲಿಲ್ಲ.

ಮರುದಿನ ನಾನೂ ಭಾವನೂ ಜೋಡಣೆ ಕಚೇರಿಗೆ ಹೋದೆವು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರದ ಹಾಲ್, ಒಂದೇ ಒಂದು ಕೌಂಟರು. ಕೌಂಟರಿನ ಮೇಡಂ ಚಿಕ್ಕ ವಯಸ್ಸಿನವರು, ಕೆಲಸದ ಮೇಲೆ ಬಹಳ ಪ್ರೀತಿ ಇದ್ದವರು. ಭಾವನ ನಂಬರ್ ಹೊಡೆದದ್ದೇ ತಡ, ಅವರ ಮುಖ ಅರಳಿತು.

"ಅಯ್ಯೋ, ನೀವೇನಾ ಸರ್ ಅದು! ನಿಮ್ಮದು ನಮ್ಮ ಮಾದರಿ ದಾಖಲೆ. ಎಷ್ಟೊಂದು ಕಡೆಯಿಂದ ಬಂದದ್ದು, ಒಂದೂ ತಪ್ಪಿಲ್ಲದೆ ಕೂಡಿದೆ. ಹೊಸದಾಗಿ ಕೆಲಸಕ್ಕೆ ಸೇರಿದೋರಿಗೆ ನಿಮ್ಮದನ್ನೇ ತೋರಿಸಿ ಪಾಠ ಮಾಡ್ತೀವಿ."

"ಮೇಡಂ, ಅದರಲ್ಲಿ ಇರೋದು ಯಾವುದೂ ನಂದಲ್ಲ."

"ಮೊದಲು ಏನಾಗ್ತಿತ್ತು ಗೊತ್ತಾ ಸರ್? ಒಂದೇ ಕಾಯಿಲೆಗೆ ಡಾಕ್ಟ್ರು ಒಂದು ಹೆಸರು ಬರೆಯೋರು, ಲ್ಯಾಬಿನವರು ಇನ್ನೊಂದು ಬರೆಯೋರು, ಔಷಧಿ ಅಂಗಡಿಯವರು ಮೂರನೇದೇನೋ ಓದ್ಕೊಳ್ಳೋರು. ಈಗ ಎಲ್ಲರೂ ಒಂದೇ ಸಂಕೇತ, ಒಂದೇ ಅಳತೆ. ಎಲ್ಲಿಂದ ಬಂದ್ರೂ ತಂತಾನೇ ಬಂದು ಕೂತ್ಕೊಳ್ಳುತ್ತೆ."

"ಕೂತ್ಕೊಂಡಿದೆ ಮೇಡಂ, ನನ್ನ ತಲೆ ಮೇಲೆ! ಗಂಡಸು ಎಲ್ಲಾದ್ರೂ ಬಸುರಿ ಆಗ್ತಾನಾ?"

"ಅದು ವೈದ್ಯಕೀಯ ಪ್ರಶ್ನೆ ಸರ್. ನಮ್ಮದು ಜೋಡಣೆ ಮಾತ್ರ."

ನಾನು ನಡುವೆ ಬಾಯಿ ಹಾಕಿ, ನಾಯಿಯ ಬಾಲ ಹೇಗೆ ಬಂತು ಎಂದು ಕೇಳಿದೆ. ಪಶು ಆಸ್ಪತ್ರೆಯವರೂ ಉತ್ಸಾಹದಿಂದ ತಮ್ಮ ಮಾಹಿತಿ ಕಳಿಸಿದ್ದಾರೆ, ನಮೂನೆ ಅಚ್ಚುಕಟ್ಟಾಗಿ ತುಂಬಿದ್ದಾರೆ, ರೋಗಿ ಮನುಷ್ಯನೋ ಅಲ್ಲವೋ ಎಂಬ ಜಾಗವೊಂದು ಮಾತ್ರ ನಮೂನೆಯಲ್ಲಿ ಇರಲಿಲ್ಲ ಎಂದು ಮೇಡಂ ವಿವರಿಸಿದರು. "ಮುಂದಿನ ತಿದ್ದುಪಡಿಯಲ್ಲಿ ಸೇರಿಸ್ತೀವಿ" ಎಂದು ಭರವಸೆಯನ್ನೂ ಕೊಟ್ಟರು.

"ಹೋಗ್ಲಿ, ಆ ಬಸಿರನ್ನಾದ್ರೂ ತೆಗೀರಿ" ಎಂದರು ಭಾವ.

ಮೇಡಂ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ತೆಗೆಯೋದಕ್ಕೆ ಎರಡೇ ದಾರಿ ಸರ್. ಒಂದು 'ಹೆರಿಗೆ ಆಗಿದೆ', ಇನ್ನೊಂದು 'ಗರ್ಭ ಉಳಿದಿಲ್ಲ'. ಎರಡನೇದು ಒತ್ತಿದ್ರೆ ಈಗಲೇ ಮುಗೀತು. ಒತ್ತಲಾ?"

ಭಾವ ಕೌಂಟರಿನ ಮೇಲೆ ಕೈ ಚಾಚಿ ಆ ಪರದೆಯನ್ನೇ ಮುಚ್ಚಿ ಹಿಡಿದರು. "ಬೇಡ! ಒತ್ತಬೇಡಿ! ಅದು ನಮ್ಮ ಪಕ್ಕದ ಮನೆ ಟೀಚರಮ್ಮನ ಮಗು. ಎಷ್ಟು ವರ್ಷ ಕಾದು ಆಗಿದ್ದು. ಉಳಿದಿಲ್ಲ ಅಂತ ನನ್ನ ಕೈಯಲ್ಲಿ ಹೇಳಿಸ್ಬೇಡಿ." ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನನ್ನ ಭಾವನ ಮೇಲೆ ನನಗೆ ದೂರುಗಳು ಬಹಳ ಇವೆ. ಆದರೆ ಆ ಕ್ಷಣದಲ್ಲಿ ಅವರು ನನಗೆ ಬಹಳ ದೊಡ್ಡವರಾಗಿ ಕಂಡರು.

ಮೇಡಂಗೂ ಮನಸ್ಸು ಕರಗಿತು. ಅವರು ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಮೂರನೆಯ ದಾರಿಯೊಂದಿತ್ತು. ಯಾವ ಕಾಯಿಲೆ ಯಾರದ್ದೋ ಅವರೇ ಖುದ್ದಾಗಿ ಕೌಂಟರಿಗೆ ಬಂದು, ತಮ್ಮ ಸ್ವಂತ ನಂಬರ್ ಕೊಟ್ಟು, "ಇದು ನನ್ನದು" ಎಂದು ಹೇಳಿ ತೆಗೆದುಕೊಂಡು ಹೋಗಬೇಕು. ಯಾರೂ ಬಾರದೆ ಉಳಿದದ್ದು ಭಾವನದ್ದೇ ಎಂದು ಲೆಕ್ಕ.

"ಅಷ್ಟೇ ತಾನೇ!" ಎಂದರು ಭಾವ. "ನಮ್ಮ ಕಟ್ಟಡದೋರು ಚಿನ್ನದಂಥ ಜನ. ನನಗೋಸ್ಕರ ಓಡೋಡಿ ಬರ್ತಾರೆ."

ಅಂದು ಸಂಜೆ ಮೆಟ್ಟಿಲ ಮೇಲೆ ಚಿನ್ನದಂಥ ಜನರ ಸಭೆ ಸೇರಿತು. ಟೀಚರ್ ಮೊದಲ ಮಾತಿಗೇ ಒಪ್ಪಿದರು. "ಅಯ್ಯೋ ಅಂಕಲ್, ನನ್ನಿಂದ ನಿಮಗೆ ಎಷ್ಟು ತೊಂದರೆ!" ಎಂದು ಭಾವನ ಹೊಟ್ಟೆಯ ಕಡೆ ಒಮ್ಮೆ ನೋಡಿ ನಾಚಿಕೊಂಡರು.

ಉಳಿದವರದ್ದು ಅಷ್ಟು ಸಲೀಸಾಗಲಿಲ್ಲ. ಇನ್ಸ್‌ಪೆಕ್ಟರು ಹಲ್ಲಿನ ವಿಷಯ ಬಂದ ಕೂಡಲೇ ಬಾಯಿ ಮುಚ್ಚಿದರು. ಈ ವಯಸ್ಸಿನಲ್ಲೂ ತಮ್ಮವು ಸ್ವಂತ ಹಲ್ಲು ಎಂದು ಅವರು ಬೀದಿಗೆಲ್ಲ ನಕ್ಕು ತೋರಿಸುತ್ತಿದ್ದವರು. ಭಾವ ಮೆಲ್ಲಗೆ, "ಹಲ್ಲು ಬೇಡ ಸಾರ್, ನಾಯೀನಾದ್ರೂ ವಾಪಸ್ ತಗೊಳ್ಳಿ" ಎಂದರು.

"ನಮ್ಮ ನಾಯಿಗೆ ಮೂರ್ಛೆ ಇರೋದು ನಿಜ. ಅದನ್ನ ತಗೋತೀನಿ. ಕಚ್ಚೋದು ನಮ್ಮದಲ್ಲ."

"ಒಂದೇ ನಾಯಿ ಸಾರ್! ಅರ್ಧ ನಿಮಗೆ ಅರ್ಧ ನನಗೆ ಅಂತ ಹೆಂಗೆ ಹಂಚ್ಕೊಳ್ಳೋದು?"

"ಕಚ್ಚುತ್ತೆ ಅಂತ ನಾನು ಒಪ್ಪಿದ್ರೆ ನಾಳೆ ಪೋಸ್ಟ್‌ಮ್ಯಾನ್ ಬಂದು ಹಳೇ ಪ್ಯಾಂಟೆಲ್ಲ ತೋರಿಸ್ತಾನೆ ಕಣ್ರೀ."

ಆಗ ನಾಯಿ ಮುಂದೆ ಬಂದು ಭಾವನ ಕೈಯನ್ನು ಸಾವಕಾಶವಾಗಿ, ಎಲ್ಲರ ಎದುರಿಗೇ ಕಚ್ಚಿತು. ಗಾಯವೇನೂ ಆಗಲಿಲ್ಲ, ಸಾಕ್ಷಿ ಮಾತ್ರ ಆಯಿತು. ಪೊಲೀಸ್ ಇಲಾಖೆಯಲ್ಲಿ ಇಡೀ ಜೀವನ ಸಾಕ್ಷಿಯನ್ನು ನೆಚ್ಚಿ ಬದುಕಿದ್ದ ಇನ್ಸ್‌ಪೆಕ್ಟರು ತಲೆ ತಗ್ಗಿಸಿ, "ಸರಿ. ಎರಡೂ ನಮ್ಮದೇ. ಹಲ್ಲೂ ನಮ್ಮದೇ" ಎಂದರು.

ಕೆಳಗಿನ ಇನ್ನೊಂದು ಮನೆಯ ಟೈಲರು ಮಾತ್ರ ಗೋಡೆಗೆ ಒರಗಿ, ನಿಟ್ಟುಸಿರು ಬಿಟ್ಟು ಹೇಳಿದರು: "ಸಕ್ಕರೆ ನಂದು. ಎಲ್ಲರಿಗೂ ಗೊತ್ತಿರೋದೇ. ಡ್ರೈವರ್ ಸಾಹೇಬ್ರೇ ಬಂದು ಹೇಳಿದ್ರಲ್ಲ." ನಿಜ. ಚಳಿಗಾಲದಲ್ಲಿ ಅವರು ಜ್ವರಕ್ಕೆಂದು ರಕ್ತ ಕೊಟ್ಟ ವಾರವೇ ಭಾವ ಅವರ ಬಾಗಿಲಿಗೆ ಹೋಗಿ ಸಕ್ಕರೆ ಜಾಸ್ತಿ ಇದೆ ಎಂದು ತಿಳಿಸಿದ್ದರು. ಅಂದಿನಿಂದ ಟೈಲರು ಸಪ್ಪೆ ಕಾಫಿ ಕುಡಿದು ಕುಡಿದು, ತಾವೇ ಹೊಲಿದುಕೊಂಡ ಪ್ಯಾಂಟನ್ನು ತಾವೇ ಬಿಗಿ ಮಾಡಿಕೊಳ್ಳುವ ಹಂತಕ್ಕೆ ಇಳಿದಿದ್ದರು. ಮಗಳ ಹುಟ್ಟುಹಬ್ಬದ ದಿನ ಕೇಕಿನ ಎದುರು ಆ ಮನುಷ್ಯ ಕೂತಿದ್ದ ರೀತಿಯನ್ನು ನೋಡಿದರೆ ಕಲ್ಲೂ ಕರಗಬೇಕು.

ಕೊನೆಗೆ ಉಳಿದದ್ದು ಮೂಲವ್ಯಾಧಿ.

ಅದು ಯಾರದ್ದು ಎಂಬುದು ಈ ಕಥೆಗೆ ಅಷ್ಟೇನೂ ಮುಖ್ಯವಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಮೆಟ್ಟಿಲ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದೆ. ಭಾವ ಏನನ್ನೋ ಹೇಳಲು ಬಾಯಿ ತೆರೆದು, ನನ್ನ ಹೆಂಡತಿಯನ್ನು ನೋಡಿ, ಬಾಯಿ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಕಟ್ಟಡಕ್ಕೆ ಕಟ್ಟಡವೇ ಜೋಡಣೆ ಕಚೇರಿಗೆ ಹೋಯಿತು. ನಾಯಿಯೂ ಬಂತು. ಟೀಚರು ತಮ್ಮ ಮಗುವನ್ನು ತೆಗೆದುಕೊಂಡರು. ಮೇಡಂ ಗುಂಡಿ ಒತ್ತಿದ ಕೂಡಲೇ ಭಾವ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಹಗುರಾಗಿ ಉಸಿರುಬಿಟ್ಟರು. ಇನ್ಸ್‌ಪೆಕ್ಟರು ಕಾಯುತ್ತ ಕೂತಿದ್ದ ಸಾರ್ವಜನಿಕರ ಎದುರು ತಮ್ಮ ಹಲ್ಲನ್ನೂ ನಾಯಿಯನ್ನೂ ಒಪ್ಪಿಕೊಂಡರು. ಮೇಡಂ ಅವರಿಗೆ ಕೈ ಮುಗಿದು, "ಹೀಗೆ ಧೈರ್ಯವಾಗಿ ಒಪ್ಕೊಳ್ಳೋರು ಕಮ್ಮಿ ಸರ್" ಎಂದರು. ಅದನ್ನು ಕೇಳಿ ಅವರು ಪೂರ್ತಿ ನಕ್ಕರು, ಮೊದಲ ಸಲ ನಿಶ್ಚಿಂತೆಯಿಂದ.

ಟೈಲರು ಮುಂದೆ ಬಂದು, "ಸಕ್ಕರೆ ನಂದು" ಎಂದರು.

ಮೇಡಂ ಪರದೆ ನೋಡಿ ತಲೆ ಅಲ್ಲಾಡಿಸಿದರು. "ನೀವು ಡಿಪೋದಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ. ನಾನು ಟೈಲರ್."

"ಮತ್ತೆ ನಿಮ್ಮದು ಹೆಂಗಾಗುತ್ತೆ? ಇದು ಲ್ಯಾಬಿಂದ ಬಂದಿದ್ದಲ್ಲ. ಬಸ್ ಡಿಪೋದಲ್ಲಿ ಚಳಿಗಾಲದಲ್ಲಿ ಉಚಿತ ತಪಾಸಣೆ ಶಿಬಿರ ಆಗಿತ್ತಲ್ಲ, ಅಲ್ಲಿಂದ ಬಂದಿದೆ. ಡ್ರೈವರುಗಳಿಗೆ ಮಾತ್ರ ಮಾಡಿದ್ದು."

ಟೈಲರು ಬಹಳ ನಿಧಾನವಾಗಿ ಭಾವನ ಕಡೆ ತಿರುಗಿದರು. ಶಿಬಿರದಲ್ಲಿ ಬೆರಳು ಚುಚ್ಚಿಸಿಕೊಂಡದ್ದನ್ನೇ ಭಾವ ಮರೆತಿದ್ದರು. ಫೋನಿಗೆ ರಿಪೋರ್ಟು ಬಂದಾಗ, ಬಂದದ್ದೆಲ್ಲ ಊರವರದ್ದು ಎಂಬ ರೂಢಿಯಲ್ಲಿ, ಯಾರದ್ದಿರಬಹುದು ಎಂದು ಯೋಚಿಸಿ, ಸಿಹಿ ಹೆಚ್ಚು ತಿನ್ನುವವರು ಟೈಲರಲ್ಲವೇ ಎಂದು ಅವರಿಗೆ ಮುಟ್ಟಿಸಿ ಬಂದಿದ್ದರು.

"ನನ್ನ ಮಗಳ ಕೇಕು!" ಎಂದರು ಟೈಲರು. "ಒಂದು ಚಳಿಗಾಲ, ಒಂದು ಬೇಸಿಗೆ ಪೂರ್ತಿ ನಾನು ಇವರ ಕಾಯಿಲೆಗೆ ಪಥ್ಯ ಮಾಡಿದ್ದೀನಿ! ನಾನು ಸಪ್ಪೆ ಕಾಫಿ ಕುಡೀತಿದ್ರೆ ಇವರು ಎದುರಿಗೇ ಕೂತ್ಕೊಂಡು ಎರಡೆರಡು ಚಮಚ ಹಾಕ್ಕೊಂಡು, 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅಂತ ಬುದ್ಧಿ ಹೇಳ್ತಿದ್ರು!"

ಅವರನ್ನು ಇನ್ಸ್‌ಪೆಕ್ಟರೂ ನಾನೂ ಹಿಡಿದುಕೊಳ್ಳಬೇಕಾಯಿತು. ಬಿಟ್ಟ ಕೂಡಲೇ ಅವರು ಕಚೇರಿಯ ಎದುರಿನ ಬೇಕರಿಗೆ ಓಡಿದರು. ಮತ್ತೆ ಆ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

"ಉಳಿದದ್ದು ಎರಡು ಸರ್" ಎಂದರು ಮೇಡಂ. "ಸಕ್ಕರೆ, ಮೂಲವ್ಯಾಧಿ. ನಿಮ್ಮದು ಕೂತೇ ಇರೋ ಕೆಲಸ ಅಲ್ವಾ? ಮೂಲವ್ಯಾಧಿ ನಿಮ್ಮದೇ ಇರ್ಬೇಕು."

ಭಾವ ನನ್ನನ್ನು ನೋಡಿದರು. ನಾನು ಸೀಲಿಂಗಿನ ಫ್ಯಾನು ನೋಡಿದೆ. ಅದು ತಿರುಗುತ್ತಿರಲಿಲ್ಲ, ಆದರೂ ನೋಡಿದೆ.

"ಹೂಂ. ಅದು ನಂದೇ" ಎಂದರು ಭಾವ. "ಆದ್ರೆ ಸಕ್ಕರೆ ನಂದಲ್ಲ! ಶಿಬಿರದ ಮಿಷನ್ನು ಕೆಟ್ಟಿತ್ತು. ನಾನು ಗಟ್ಟಿಮುಟ್ಟಾಗಿದ್ದೀನಿ."

ತನ್ನದಲ್ಲದ್ದನ್ನು ಒಪ್ಪಿಕೊಂಡು, ತನ್ನದನ್ನು ತನ್ನದಲ್ಲವೆಂದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೇಡಂ ಶಾಂತವಾಗಿ, "ಹಂಗಾದ್ರೆ ಇನ್ನೊಂದು ಸಲ ರಕ್ತ ಕೊಟ್ಟು ಬನ್ನಿ ಸರ್. ಸರಿ ಇದ್ರೆ ತೆಗೆದುಹಾಕ್ತೀನಿ" ಎಂದರು.

ಇದಾದ ಮಾರನೆಯ ದಿನ ನನ್ನ ಹೆಂಡತಿ ನನಗೆ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು, "ಸಕ್ಕರೆ ಮರೆತಿದ್ದೀಯ" ಎಂದೆ.

"ಮರೆತಿಲ್ಲ" ಎಂದಳು. ನನ್ನ ಫೋನು ಅವಳ ಕೈಯಲ್ಲಿತ್ತು. ಲ್ಯಾಬಿನಿಂದ ಬಂದ ಸಂದೇಶವನ್ನು ನನಗೆ ಓದಿ ಹೇಳಿದಳು. ನನ್ನ ಸಕ್ಕರೆ ಸಿಕ್ಕಾಪಟ್ಟೆ ಜಾಸ್ತಿ ಇದೆಯಂತೆ, ತಡಮಾಡದೆ ಡಾಕ್ಟರನ್ನು ಕಾಣಬೇಕಂತೆ.

"ನಾನು ರಕ್ತಾನೇ ಕೊಟ್ಟಿಲ್ಲ ಮಾರಾಯ್ತಿ! ಇದು ನಂದಲ್ಲ!"

"ಈ ವಾರವೆಲ್ಲ ಈ ಕಟ್ಟಡದಲ್ಲಿ ಎಲ್ಲರೂ ಹೇಳಿದ್ದು ಅದೇ ಮಾತು" ಎಂದು ಅವಳು ಸಕ್ಕರೆ ಡಬ್ಬಿಯನ್ನು ಎತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು.

ನಾನು ಮೆಟ್ಟಿಲು ಹತ್ತಿ ಓಡಿದೆ. ಭಾವ ಬಾಗಿಲಲ್ಲೇ ಸಿಕ್ಕಿದರು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿಯಿತು. "ಎಷ್ಟಿದೆಯಯ್ಯ?" ಎಂದು ಪಿಸುಗುಟ್ಟಿದರು.

"ಭಾವ, ಲ್ಯಾಬಿನಲ್ಲಿ ನನ್ನ ನಂಬರ್ ಯಾಕೆ ಕೊಟ್ರಿ?"

"ನಂದು ಕೊಟ್ಟಿದ್ರೆ ದಾಖಲೆಗೆ ಹೋಗಿಬಿಡುತ್ತಲ್ಲಯ್ಯ! ಕಮ್ಮಿ ಬಂದಿದ್ರೆ ಆಮೇಲೆ ನಂದು ಅನ್ನೋಣ ಅಂತ ಇದ್ದೆ." ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಜಂಬದ ಮನುಷ್ಯ, ಅವತ್ತು ಸಮವಸ್ತ್ರವೂ ಇರಲಿಲ್ಲ, ಹಳೆಯ ಬನಿಯನ್ನು. "ನಂದು ಅಂದ್ರೆ ಬಸ್ಸು ಹೋಗುತ್ತೆ ಕಣಯ್ಯ. ಛತ್ರಿ ಕಾಯಕ್ಕೆ ಹಾಕ್ತಾರೆ. ನನಗೆ ಬೇರೆ ಏನು ಬರುತ್ತೆ ಹೇಳು, ಬಸ್ಸು ಓಡಿಸೋದು ಬಿಟ್ಟು?"

ನನಗೆ ಬೈಯಬೇಕು ಎನಿಸಿತು. ಆದರೆ ಹೆದರಿದ ಭಾವನನ್ನು ನಾನು ಅದೇ ಮೊದಲು ನೋಡಿದ್ದು. "ತಲೆ ಸುತ್ತಿ ಬಸ್ಸಿನಲ್ಲಿ ಬಿದ್ರೆ ಅಕ್ಕನ ಗತಿ ಏನು ಭಾವ? ಬಸ್ಸಿನಲ್ಲಿ ಕೂತಿರೋರ ಗತಿ ಏನು? ನಡೀರಿ, ಹೋಗಿ ಒಪ್ಕೊಳ್ಳೋಣ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ನೀನೂ ಒಪ್ಕೊಂತೀಯಾ?"

ಭಾವನ ಫೋನಿಗೆ ನನ್ನ ಆ ರಿಪೋರ್ಟು ಬಂದು ಎರಡು ವರ್ಷವಾಗಿತ್ತು. ಬಂದ ದಿನ ಅವರು ನನ್ನ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಕಿವಿಯಲ್ಲಿ ಹೇಳಿ ಹೋಗಿದ್ದರು. ಕಟ್ಟಡದ ಸುದ್ದಿಯನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಸಾರುವ ಮನುಷ್ಯ ಅದೊಂದನ್ನು ಅಕ್ಕನಿಗೂ ಹೇಳಿರಲಿಲ್ಲ. ಹಿಂದಿನ ದಿನ ಕೌಂಟರಿನಲ್ಲಿ ಹತ್ತಾರು ಜನರ ಎದುರು ತಮ್ಮದೆಂದು ಹೊತ್ತುಕೊಂಡೂ ಬಿಟ್ಟಿದ್ದರು. ಅದು ಯಾರದ್ದು ಎಂಬುದು ಈ ಕಥೆಗೆ ಮುಖ್ಯವಲ್ಲ ಎಂದು ನಾನು ಆಗ ಹೇಳಿದ್ದು ಪೂರ್ತಿ ಸರಿಯಲ್ಲವೆಂದು ಕಾಣುತ್ತದೆ.

ಇಬ್ಬರೂ ಕೌಂಟರಿನ ಎದುರು ನಿಂತೆವು.

"ಸಕ್ಕರೆ ಯಾರದ್ದು?" ಎಂದರು ಮೇಡಂ.

"ನಂದು" ಎಂದರು ಭಾವ.

"ಮೂಲವ್ಯಾಧಿ?"

"ನಂದು" ಎಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬರು, "ಸ್ವಲ್ಪ ಜೋರಾಗಿ ಹೇಳಿ, ಆಮೇಲೆ ಮತ್ತೆ ಗೊಂದಲ ಆಗ್ಬಾರ್ದು" ಎಂದರು. ತಿರುಗಿ ನೋಡಿದರೆ ನಾನು ಫ್ರೇಮು ಕೂರಿಸುತ್ತ ಮೂಗನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ ಅದೇ ಗಿರಾಕಿ.

ಮೇಡಂ ಎರಡು ಗುಂಡಿ ಒತ್ತಿದರು. ಭಾವ, "ಬಸ್ಸು ಹೋಯ್ತಾ ಮೇಡಂ?" ಎಂದು ಕೇಳಿದರು.

"ಯಾಕೆ ಹೋಗುತ್ತೆ ಸರ್? ಮಾತ್ರೆ ತಗೊಂಡು ಹತೋಟೀಲಿ ಇಟ್ಕೊಂಡಿದ್ದೀರಿ ಅಂತ ಡಾಕ್ಟ್ರು ಬರೆದುಕೊಟ್ರೆ ಓಡಿಸ್ಬಹುದು. ನಿಮ್ಮ ಡಿಪೋದಲ್ಲಿ ಅರ್ಧ ಜನಕ್ಕೆ ಇದೆ. ಗೊತ್ತಿಲ್ಲದೆ ಓಡಿಸೋದು ಅಪಾಯ ಅಷ್ಟೇ." ಅವರು ಪರದೆಯನ್ನು ಹೆಮ್ಮೆಯಿಂದ ನೋಡಿದರು. "ನೋಡಿದ್ರಾ ಸರ್? ಜೋಡಿಸದೆ ಹೋಗಿದ್ರೆ ಇದು ನಿಮ್ಮದು ಅಂತ ನಿಮಗೆ ಗೊತ್ತೇ ಆಗ್ತಿರಲಿಲ್ಲ."

ಭಾವನಿಗೆ ಬಸ್ಸು ಸಿಕ್ಕಲು ಒಂದಷ್ಟು ಕಾಲ ಹಿಡಿಯಿತು. ಮಾತ್ರೆ ನುಂಗಿದರು, ನಡೆದರು, ಸಕ್ಕರೆ ಇಳಿಯಿತು, ಡಿಪೋ ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಸಹಿ ಹಾಕಿದರು. ಮೊದಲ ದಿನ ಆ ಬಸ್ಸು ಸದ್ದೇ ಇಲ್ಲದೆ ನಮ್ಮ ಬೀದಿಗೆ ಬಂದಾಗ ಕಟ್ಟಡದವರೆಲ್ಲ ಹೊರಗೆ ನಿಂತು ನೋಡಿದೆವು. ಟೀಚರು ಹಸುಗೂಸಿನ ಕೈ ಹಿಡಿದು ಭಾವನಿಗೆ ಟಾಟಾ ಮಾಡಿಸಿದರು. ಟೈಲರೂ ಬಂದಿದ್ದರು, ಕೈಯಲ್ಲಿ ಕೇಕಿನ ತುಂಡಿತ್ತು.

ನನ್ನದು ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ತಿದ್ದಿದ ನನ್ನ ದಾಖಲೆಯನ್ನು ಹೆಂಡತಿಗೆ ತೋರಿಸಿದ್ದೆ. "ನೋಡು, ಸಕ್ಕರೆ ಇಲ್ಲವೇ ಇಲ್ಲ. ಸರ್ಕಾರಾನೇ ಹೇಳಿದೆ."

ಅವಳು ಓದಿದಳು. "ಮತ್ತೆ ಈ ಮೂಲವ್ಯಾಧಿ? ಇದು ಯಾರದ್ದು?"

"ಅದು ನಂದೇ."

"ಎಷ್ಟು ದಿನದಿಂದ?"

"ಎರಡು ವರ್ಷ."

ಅವಳು ದಾಖಲೆಯನ್ನು ನನ್ನ ಕೈಗೆ ವಾಪಸ್ ಕೊಟ್ಟಳು. ಆಮೇಲೆ ಹೇಳಿದಳು: "ಎರಡು ವರ್ಷ ಇದನ್ನ ನನ್ನಿಂದ ಮುಚ್ಚಿಟ್ಟವರು, ಸಕ್ಕರೆ ಮುಚ್ಚಿಡಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಖಾರವಿಲ್ಲ, ಕಾಫಿಗೆ ಸಕ್ಕರೆಯೂ ಇಲ್ಲ. ಭಾವ ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಸಮವಸ್ತ್ರ ಹಾಕಿಕೊಂಡು ಕೆಳಗೆ ಬರುತ್ತಾರೆ. ನನ್ನ ಹೆಂಡತಿ ಇಬ್ಬರಿಗೂ ಒಂದೇ ಪಾತ್ರೆಯಿಂದ ಸಪ್ಪೆ ಕಾಫಿ ಬಗ್ಗಿಸುತ್ತಾಳೆ. ನಾನು ಮುಖ ಕಿವುಚಿದರೆ ಭಾವ ನನ್ನ ತೊಡೆ ತಟ್ಟಿ, "ಮನಸ್ಸು ಗಟ್ಟಿ ಮಾಡ್ಕೊಳ್ಳಯ್ಯ" ಎನ್ನುತ್ತಾರೆ.